ಬೆಂಕಿಯ ಕಥೆಯಲ್ಲಿ 18ನೇ ವಚನ ಬಿಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳಿಗೆ ಬೈಬಲ್ ಕಥೆ ಹೇಳುವವರು ಹೆಚ್ಚಾಗಿ ಆರಿಸಿಕೊಳ್ಳುವುದು ದೇವರು ಕಾಪಾಡಿದ ಕಥೆಗಳನ್ನೇ. ಸಿಂಹಗಳ ಗವಿಯ ದಾನಿಯೇಲ, ಬೆಂಕಿಯ ಆವಿಗೆಗೆ ಬಿದ್ದ ಮೂವರು, ದೈತ್ಯ ಗೊಲ್ಯಾತನ ಎದುರು ನಿಂತ ದಾವೀದ, ಬಿರುಗಾಳಿಯನ್ನು ಗದರಿಸಿದ ಯೇಸು. ಆಯ್ಕೆಯಲ್ಲಿ ತಪ್ಪಿಲ್ಲ. ಎಡವುವುದು ಕಥೆ ಮುಗಿದ ಮೇಲೆ ಸೇರಿಸುವ ಒಂದು ಸಾಲಿನಲ್ಲಿ: ‘ನೋಡಿದಿರಾ ಮಕ್ಕಳೇ, ಪ್ರಾರ್ಥನೆ ಮಾಡಿದರೆ ನಮಗೆ ಏನೂ ಆಗುವುದಿಲ್ಲ.’ ಐದು ವರ್ಷದ ಮಗು ಇದನ್ನು ಇದ್ದದ್ದು ಇದ್ದ ಹಾಗೇ ನಂಬುತ್ತದೆ. ಮುಂದೊಂದು ದಿನ ಅಜ್ಜಿ ಕಾಯಿಲೆ ಬೀಳುತ್ತಾಳೆ, ಮಗು ದಿನಾ ಪ್ರಾರ್ಥಿಸುತ್ತದೆ, ಅಜ್ಜಿ ತೀರಿಹೋಗುತ್ತಾಳೆ. ಆಗ ಮಗುವಿನ ಲೆಕ್ಕದಲ್ಲಿ ಉಳಿಯುವುದು ಎರಡೇ: ದೇವರು ಕೇಳಿಸಿಕೊಳ್ಳಲಿಲ್ಲ, ಇಲ್ಲವೇ ನಾನು ಸರಿಯಾಗಿ ಪ್ರಾರ್ಥಿಸಲಿಲ್ಲ. ಮೊದಲನೆಯದನ್ನಾದರೂ ಮಗು ಜಗಳವಾಡಿ ಹೇಳಿಬಿಡುತ್ತದೆ. ಎರಡನೆಯದನ್ನು ಒಳಗೇ ಇಟ್ಟುಕೊಳ್ಳುತ್ತದೆ.

ಬೈಬಲಿನ ಕಥೆಗಳು ಇಂಥ ಮಾತು ಕೊಡುವುದೇ ಇಲ್ಲ. ದಾನಿಯೇಲನ ಪುಸ್ತಕದ 3ನೇ ಅಧ್ಯಾಯವನ್ನೇ ನೋಡಿ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರ 60 ಮೊಳ ಎತ್ತರದ ಬಂಗಾರದ ಪ್ರತಿಮೆ ನಿಲ್ಲಿಸಿದ್ದಾನೆ. ಮೊಳಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿದರೆ 27 ಮೀಟರ್. ಅಡ್ಡಬೀಳದವರಿಗೆ ಬೆಂಕಿ. ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನಿಗೆ ಕೊಟ್ಟ ಉತ್ತರದಲ್ಲಿ ಎರಡು ಭಾಗಗಳಿವೆ. 17ನೇ ವಚನ: ನಾವು ಸೇವಿಸುವ ದೇವರು ನಮ್ಮನ್ನು ಬಿಡಿಸಬಲ್ಲನು. 18ನೇ ವಚನ: ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ನಾವು ಅಡ್ಡಬೀಳುವುದಿಲ್ಲ. ಮೊದಲನೆಯದು ದೇವರ ಶಕ್ತಿಯ ಮಾತು, ಎರಡನೆಯದು ಭರವಸೆಯ ಮಾತು. ಕಥೆ ಹೇಳುವ ಉತ್ಸಾಹದಲ್ಲಿ ನಾಲಿಗೆ 17ರಿಂದ ನೆಗೆದು ನೇರ ಬೆಂಕಿಗೆ ಹೋಗಿಬಿಡುತ್ತದೆ. 18 ಬಿಟ್ಟರೆ ಉಳಿಯುವುದು ಬೆಂಕಿಗೂ ಸುಡದ ಮೂವರು ಶೂರರ ಸಾಹಸ. ಅಂಥ ಕಥೆಗಳು ಮಕ್ಕಳಿಗೆ ಬೇರೆಡೆ ಬೇಕಾದಷ್ಟು ಸಿಗುತ್ತವೆ.

ಹೇಳುವ ಬಗೆ ಹೀಗಿರಲಿ. ಮೂವರನ್ನೂ ಕಟ್ಟುವವರೆಗೆ ಕಥೆ ತಂದು ಅಲ್ಲೇ ನಿಲ್ಲಿಸಿ. ‘ಮುಂದೇನಾಗುತ್ತದೆ ಅಂತ ಇವರಿಗೆ ಗೊತ್ತಿತ್ತಾ?’ ಎಂದು ಕೇಳಿ. ಮೊದಲೇ ಕಥೆ ಕೇಳಿದ ಮಕ್ಕಳು ‘ಗೊತ್ತಿತ್ತು’ ಎನ್ನುತ್ತಾರೆ. ಕಥೆಯ ಕೊನೆ ಗೊತ್ತಿರುವುದು ನಮಗೆ, ಅವರಿಗಲ್ಲ. ಈಗ ಪುಸ್ತಕ ಬಿಡಿಸಿ 18ನೇ ವಚನವನ್ನು ಓದಿಯೇ ಹೇಳಿ. ಆಮೇಲೆ ಆವಿಗೆ. ನಾಲ್ಕು ಬೆಣಚುಕಲ್ಲುಗಳನ್ನು ಮುಷ್ಟಿಯಲ್ಲಿಟ್ಟುಕೊಂಡಿರಿ. ಒಳಗೆ ಎಸೆದವರೆಷ್ಟು? ಮೂರು ಕಲ್ಲು ನೆಲದ ಮೇಲಿಡಿ. ಅರಸ ಬಗ್ಗಿ ನೋಡಿ ಎಣಿಸುತ್ತಾನೆ. ನಾಲ್ಕನೆಯದನ್ನು ಸದ್ದಿಲ್ಲದೆ ಪಕ್ಕಕ್ಕೆ ಸೇರಿಸಿ. ವಿವರಿಸಲು ಹೋಗಬೇಡಿ, ಮಕ್ಕಳೇ ಎಣಿಸಲಿ. ನಾಲ್ಕನೆಯವನು ಕಾಣಿಸಿದ್ದು ಬೆಂಕಿಯ ಹೊರಗಲ್ಲ, ಒಳಗೆ. ಕಟ್ಟಿ ಎಸೆದವರು ಕಟ್ಟು ಬಿಚ್ಚಿಕೊಂಡು ಓಡಾಡುತ್ತಿದ್ದಾರೆ. ಹೊರಗೆ ಬಂದಾಗ ಮೈಮೇಲೆ ಬೆಂಕಿಯ ವಾಸನೆಯೂ ಇಲ್ಲ. ದೊಡ್ಡವರು ಓದಿಕೊಂಡು ಹೋಗಿಬಿಡುವ ಈ ವಾಸನೆಯ ವಿವರವೇ ಮಕ್ಕಳ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ.

ಎಷ್ಟು ಹೊತ್ತು ಎಂದರೆ, ನಾಲ್ಕೈದು ವರ್ಷದವರಿಗೆ ಏಳು ನಿಮಿಷ ಧಾರಾಳ. ಎಂಟರಿಂದ ಹತ್ತರವರಿಗೆ ಹದಿನೈದರವರೆಗೂ ಎಳೆಯಬಹುದು. ಅದಕ್ಕಿಂತ ಉದ್ದವಾಗುತ್ತಿದೆ ಎಂದರೆ ನಡುನಡುವೆ ನೀತಿ ಹೇಳುತ್ತಿದ್ದೀರಿ ಎಂದೇ ಅರ್ಥ. ಹೇಳುವ ಮುನ್ನ ಭಾಗವನ್ನು ಬೈಬಲಿನಲ್ಲೇ ಎರಡು ಸಲ ಓದಿಕೊಳ್ಳಿ. ಬಣ್ಣದ ಚಿತ್ರಪುಸ್ತಕದಿಂದಲೇ ತಯಾರಾದರೆ ಅದರ ತಪ್ಪುಗಳೂ ಜೊತೆಗೆ ಬರುತ್ತವೆ. ಸಿಂಹಗಳ ನಡುವೆ ಕೂತ ದಾನಿಯೇಲನನ್ನು ಎಳೆಯ ಹುಡುಗನಂತೆ ಬರೆದಿರುವುದನ್ನು ನೀವೂ ನೋಡಿರಬಹುದು. ಅವನು ಬಾಬಿಲೋನಿಗೆ ಸೆರೆಯಾಗಿ ಹೋದದ್ದು ಎಳೆ ವಯಸ್ಸಿನಲ್ಲಿ. ಗವಿಗೆ ಬಿದ್ದದ್ದು ಅರಸ ದಾರ್ಯಾವೆಷನ ಕಾಲದಲ್ಲಿ, ಅಂದರೆ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ, ಎಂಬತ್ತರ ಆಸುಪಾಸಿನ ಮುದುಕನಾಗಿ. ಇದು ಸಣ್ಣ ತಿದ್ದುಪಡಿಯಲ್ಲ. ಕಿಟಕಿ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರುವ ರೂಢಿ ಅವನಿಗೆ ಹಳೆಯದು. 30 ದಿನ ಅರಸನಿಗಲ್ಲದೆ ಬೇರಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಬಂದಾಗ ಅವನು ಹೊಸದೇನನ್ನೂ ಮಾಡಲಿಲ್ಲ, ಇದ್ದದ್ದನ್ನು ಬಿಡಲಿಲ್ಲ, ಅಷ್ಟೇ. ಭರವಸೆ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ ಎಂಬುದು ಮುದುಕ ದಾನಿಯೇಲನಲ್ಲಿ ಕಾಣುತ್ತದೆ, ಹುಡುಗ ದಾನಿಯೇಲನಲ್ಲಿ ಕಾಣುವುದಿಲ್ಲ.

ಗೊಲ್ಯಾತನ ಕಥೆಗೆ ಒಂದು ಸೀಮೆಸುಣ್ಣ, ಒಂದು ಅಳತೆ ಟೇಪು ಸಾಕು. ಅವನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಸುಮಾರು ಒಂಬತ್ತೂವರೆ ಅಡಿ. ಗೋಡೆ ಅಷ್ಟು ಎತ್ತರವಿದ್ದರೆ ಗುರುತು ಹಾಕಿ, ಇಲ್ಲದಿದ್ದರೆ ನೆಲದ ಮೇಲೆ ಗೆರೆ ಎಳೆದು ಮಗುವನ್ನು ಪಕ್ಕದಲ್ಲಿ ಮಲಗಿಸಿ. ಅವನ ಕವಚದ ತೂಕ ಹತ್ತಿರ ಹತ್ತಿರ 55 ಕಿಲೊ, ಅಂದರೆ ಎರಡು ಮೂರು ಮಕ್ಕಳ ಭಾರ. ಇಷ್ಟು ಮಾಡಿದ ಮೇಲೆ ಕೊನೆಯಲ್ಲಿ ‘ನೀವೂ ದಾವೀದನಂತೆ ಧೈರ್ಯವಾಗಿರಿ’ ಎಂದುಬಿಟ್ಟರೆ ಕಥೆ ತಲೆಕೆಳಗಾಗುತ್ತದೆ. ದಾವೀದ ನೆಚ್ಚುವುದು ತನ್ನ ಧೈರ್ಯವನ್ನಲ್ಲ. ಸಿಂಹದ, ಕರಡಿಯ ಕೈಯಿಂದ ತಪ್ಪಿಸಿದ ಯೆಹೋವನು ಇವನ ಕೈಯಿಂದಲೂ ತಪ್ಪಿಸುವನು ಎನ್ನುತ್ತಾನೆ. ಹಿಂದೆ ನಡೆದದ್ದನ್ನು ನೆನೆದು ಮುಂದಕ್ಕೆ ಹೆಜ್ಜೆ ಇಡುತ್ತಾನೆ. ಮಗುವಿನಿಂದ ಮಾಡಿಸಬೇಕಾದದ್ದೂ ಇದನ್ನೇ: ಹಿಂದೊಮ್ಮೆ ಹೆದರಿದ್ದು ಯಾವಾಗ, ಆಗ ಜೊತೆಗಿದ್ದವರು ಯಾರು ಎಂದು ನೆನಪಿಸಿಕೊಳ್ಳಲಿ. ಕವಣೆಗೆ ಐದು ಕಲ್ಲು ಆರಿಸಿಕೊಂಡು ಒಂದನ್ನೇ ಬಳಸಿದನಲ್ಲ, ಉಳಿದ ನಾಲ್ಕು ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಬೈಬಲ್ ಹೇಳುವುದಿಲ್ಲ. ನೀವೂ ಕಟ್ಟಿ ಹೇಳಬೇಡಿ.

ಮಾರ್ಕನ ಸುವಾರ್ತೆ 4ನೇ ಅಧ್ಯಾಯದ ಬಿರುಗಾಳಿಯಲ್ಲಿ ಗದ್ದಲ ಹೆಚ್ಚಾಗುವ ಅಪಾಯವಿದೆ. ಗಲಿಲಾಯ ಸರೋವರದ ಮೇಲ್ಮೈ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತ ಗುಡ್ಡಗಳು, ಗಾಳಿ ಮೇಲಿಂದ ಇಳಿದು ಬಂದರೆ ಹೇಳದೆ ಕೇಳದೆ ತೆರೆ ಏಳುತ್ತದೆ. ಆ ನೀರಿನಲ್ಲೇ ಬೆಳೆದ ಬೆಸ್ತರೂ ಹೆದರಿದರೆಂದರೆ ಗಾಳಿ ಎಂಥದಿರಬೇಕು. ಒಂದು ಹಾಸಿಗೆ ಬಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ ಅಲ್ಲಾಡಿಸಲು ಹೇಳಿ. ಆದರೆ ಅಲ್ಲಾಡಿಸುವ ಮುನ್ನವೇ, ದೋಣಿಯಲ್ಲಿ ನಿದ್ದೆಹೋಗಿದ್ದ ಯೇಸುವನ್ನು ಎಬ್ಬಿಸಿ ಶಿಷ್ಯರು ಆಡಿದ ಮಾತು ಹೇಳಿಬಿಡಿ, ಆಮೇಲೆ ಯಾರಿಗೂ ಕೇಳಿಸುವುದಿಲ್ಲ: ‘ಗುರುವೇ, ನಾವು ಮುಳುಗಿಹೋಗುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ?’ ಯೇಸುವಿನ ‘ಸುಮ್ಮನಿರು’ ಎಂಬ ಮಾತಿಗೆ ಬಟ್ಟೆ ಕೆಳಕ್ಕೆ. ನಂತರ ಹತ್ತು ಸೆಕೆಂಡು ಪೂರ್ತಿ ಮೌನ. ಎಣಿಸಿಯೇ ಬಿಡಿ, ಹೇಳುವವರಿಗೆ ಐದಕ್ಕೇ ತಡೆಯಲಾಗುವುದಿಲ್ಲ. ಇಲ್ಲಿ ಹಿಡಿಯಬೇಕಾದ ಎಳೆ ಎರಡು. ಯೇಸು ದೋಣಿಯಲ್ಲಿದ್ದಾಗಲೇ ಬಿರುಗಾಳಿ ಬಂತು. ಮತ್ತೆ, ಶಿಷ್ಯರ ಆ ಸಿಟ್ಟಿನ ಕೂಗೂ ಪ್ರಾರ್ಥನೆಯೇ. ‘ನಿನಗೆ ಚಿಂತೆಯಿಲ್ಲವೇ’ ಎಂದು ದೇವರನ್ನು ಕೇಳಬಹುದು ಎಂದು ತಿಳಿದ ಮಗು ಅಜ್ಜಿ ತೀರಿಹೋದ ದಿನವೂ ಪ್ರಾರ್ಥನೆ ಬಿಡಬೇಕಾಗುವುದಿಲ್ಲ.

ಎಂಟು ದಾಟಿದ ಮಕ್ಕಳಿಗೆ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯವನ್ನು ಮೊದಲ ವಚನದಿಂದಲೇ ಹೇಳಿ. ಸಾಮಾನ್ಯವಾಗಿ ಪೇತ್ರನ ಸೆರೆಯಿಂದ ಶುರುಮಾಡುತ್ತಾರೆ: ಎರಡು ಸರಪಣಿ, ನಾಲ್ಕು ನಾಲ್ಕು ಜನರ ನಾಲ್ಕು ತಂಡದಂತೆ 16 ಕಾವಲುಗಾರರು, ಪಕ್ಕೆ ತಟ್ಟಿ ಎಬ್ಬಿಸುವ ದೂತ, ತಾನಾಗಿಯೇ ತೆರೆದುಕೊಳ್ಳುವ ಕಬ್ಬಿಣದ ಬಾಗಿಲು. ವಿಶ್ವಾಸಿಗಳು ಸೇರಿದ್ದ ಮನೆಯ ಬಾಗಿಲು ತಟ್ಟಿದವನು ಪೇತ್ರನೇ ಎಂದು ದನಿಯಲ್ಲೇ ಗುರುತಿಸಿದ ರೋದೆ ಎಂಬ ದಾಸಿ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ, ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರೇ ಅವನು ಬಂದಿದ್ದಾನೆಂದರೆ ನಂಬಲಿಲ್ಲ. ಆದರೆ ಇದೇ ಅಧ್ಯಾಯದ 2ನೇ ವಚನದಲ್ಲಿ ಅರಸ ಹೆರೋದನು ಯೋಹಾನನ ಅಣ್ಣ, ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದಾನೆ. ದೇವರು ಒಬ್ಬನೇ, ಸಭೆ ಒಂದೇ. ‘ಪೇತ್ರನನ್ನು ಬಿಡಿಸಿದ ದೇವರು ಯಾಕೋಬನನ್ನು ಯಾಕೆ ಬಿಡಿಸಲಿಲ್ಲ?’ ಎಂದು ಮಗು ಕೇಳಿದರೆ ಪಾಠ ಸರಿಯಾಗಿ ನಡೆದಿದೆ ಎಂದು ತಿಳಿಯಿರಿ. ಉತ್ತರ ‘ಗೊತ್ತಿಲ್ಲ ಪುಟ್ಟಾ, ಬೈಬಲಿನಲ್ಲಿ ಬರೆದಿಲ್ಲ.’ ಅದಕ್ಕೆ ಬಾಲ ಅಂಟಿಸಬೇಡಿ. ‘ದೇವರಿಗೆ ಯಾಕೋಬನೆಂದರೆ ಹೆಚ್ಚು ಪ್ರೀತಿ, ಅದಕ್ಕೆ ಕರೆದುಕೊಂಡ’ ಎಂದು ಸಮಾಧಾನಕ್ಕೆ ಹೇಳುವವರಿದ್ದಾರೆ. ದೇವರು ನನ್ನನ್ನು ಹೆಚ್ಚು ಪ್ರೀತಿಸದಿರಲಿ ಎಂದು ಆ ರಾತ್ರಿಯಿಂದ ಮಗು ಬೇಡಿಕೊಳ್ಳತೊಡಗಿದರೆ ಆಶ್ಚರ್ಯವಿಲ್ಲ.

ಕಾಯುವುದನ್ನು ಕಲಿಸಲು ಯೋಸೇಫನಿಗಿಂತ ಒಳ್ಳೆಯ ಕಥೆ ಇಲ್ಲ. ಅದನ್ನು ಒಂದೇ ಪಾಠದಲ್ಲಿ ಮುಗಿಸುವುದು ದೊಡ್ಡ ತಪ್ಪು. ಅಣ್ಣಂದಿರ ಕೈಯಿಂದ ಅವನು ಮಾರಾಟವಾದದ್ದು 20 ಬೆಳ್ಳಿ ನಾಣ್ಯಕ್ಕೆ. ಕಥೆ ಶುರುವಾಗುವಾಗ 17 ವರ್ಷ, ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ನಡುವಿನ 13 ವರ್ಷ ಹದಿನೈದು ನಿಮಿಷದಲ್ಲಿ ಆವಿಯಾಗುತ್ತದೆ. ನಾಲ್ಕು ವಾರಕ್ಕೆ ಒಡೆದು, ಮೊದಲ ವಾರ ಗುಂಡಿಯಲ್ಲಿ ನಿಲ್ಲಿಸಿ. ಎರಡನೆಯ ವಾರ ಸುಳ್ಳು ಆಪಾದನೆ ಹೊತ್ತು ಸೆರೆಮನೆಗೆ (ಯಜಮಾನ ಪೋಟೀಫರನ ಹೆಂಡತಿಯ ವಿಷಯ ‘ಸುಳ್ಳು ಹೇಳಿದಳು’ ಎಂಬಲ್ಲಿಗೆ ಸಾಕು). ಮೂರನೆಯ ವಾರ, ಜೊತೆಗೆ ಸೆರೆಯಲ್ಲಿದ್ದ ಫರೋಹನ ಪಾನದಾಯಕ (ದ್ರಾಕ್ಷಾರಸ ಕೊಡುವ ಸೇವಕ) ಬಿಡುಗಡೆಯಾಗಿ ಹೋಗಿ ಯೋಸೇಫನನ್ನು ಮರೆತುಬಿಟ್ಟನು ಎಂಬ ಸಾಲಿಗೆ ಪುಸ್ತಕ ಮುಚ್ಚಿ. ‘ಮುಂದೆ ಹೇಳಿ, ಮುಂದೆ ಹೇಳಿ’ ಎಂದು ಗೋಗರೆಯುತ್ತಾರೆ. ಹೇಳಬೇಡಿ. ಯೋಸೇಫ ಅಲ್ಲಿ ಇನ್ನೂ ಎರಡು ವರ್ಷ ಕಾದ, ಇವರು ಏಳು ದಿನ ಕಾಯಲಿ.

ನೋಹನ ಕಥೆಗೆ ಚಿಕ್ಕ ಮಕ್ಕಳಲ್ಲಿ ಪ್ರಾಣಿಗಳದ್ದೇ ಸಂಭ್ರಮ, ಇರಲಿ. ಆದರೆ ಮಲಗುವ ಹೊತ್ತಿಗೆ ಜಲಪ್ರಳಯ ಬೇಡ. ಹೊರಗೆ ಮಳೆ ಹೊಯ್ಯುವಾಗಂತೂ ಬೇಡವೇ ಬೇಡ. ದಾನಿಯೇಲನ ಮೇಲೆ ದೂರು ಹೇಳಿದವರನ್ನು ಹೆಂಡತಿ ಮಕ್ಕಳ ಸಮೇತ ಗವಿಗೆ ಎಸೆದದ್ದು, ಗೊಲ್ಯಾತನ ತಲೆ ಕಡಿದದ್ದು, ಇವು ಹತ್ತರ ನಂತರ. ಬಿಡುವುದು ಸುಳ್ಳಲ್ಲ. ಆದರೆ ಕೇಳಿದ ಮಗುವಿಗೆ ‘ಹಾಗೇನೂ ಆಗಲಿಲ್ಲ’ ಎಂದರೆ ಅದು ಸುಳ್ಳು.

ಕಂಠಪಾಠಕ್ಕೆ ಕೀರ್ತನೆ 91 ಕೊಡುವ ರೂಢಿ ಇದೆ: ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ಕೈಗಳಲ್ಲಿ ಎತ್ತಿಕೊಳ್ಳುವರು. ಈ ವಚನವನ್ನೇ ಸೈತಾನನು ಯೇಸುವಿಗೆ ಹೇಳಿ ದೇವಾಲಯದ ತುದಿಯಿಂದ ಧುಮುಕು ಎಂದದ್ದು (ಮತ್ತಾಯ 4). ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡದ ವಚನದಿಂದ ಉತ್ತರಿಸಿದನು. ಆರು ವರ್ಷದ ಮಗುವಿಗೆ 91ನ್ನು ಬಾಯಿಪಾಠ ಮಾಡಿಸುವುದಾದರೆ ಈ ಕಥೆಯನ್ನೂ ಅದೇ ವಾರ ಹೇಳಿ. ಇಲ್ಲದಿದ್ದರೆ ಗೋಡೆ ಹತ್ತಿ ನೋಡುವ ಮಗು ಒಂದಾದರೂ ಇರುತ್ತದೆ. ಮೊದಲ ವಚನವಾಗಿ ಕಲಿಸಲು ಯೋಗ್ಯವಾದದ್ದು ಕೀರ್ತನೆ 56:3: ನನಗೆ ಹೆದರಿಕೆಯಾದಾಗ ನಿನ್ನಲ್ಲಿ ಭರವಸೆ ಇಡುವೆನು. ಚಿಕ್ಕದು. ಅದಕ್ಕಿಂತ ಮುಖ್ಯವಾಗಿ, ಹೆದರಿಕೆಯಾಗುತ್ತದೆ ಎಂದು ಅದು ಒಪ್ಪಿಕೊಂಡೇ ಶುರುವಾಗುತ್ತದೆ. ‘ನಂಬಿಕೆ ಇದ್ದವರು ಹೆದರುವುದಿಲ್ಲ’ ಎಂದು ಕಲಿತ ಮಗು ಹೆದರಿದಾಗ ಅದನ್ನು ಬಚ್ಚಿಡುತ್ತದೆ.

ಬಚ್ಚಿಡುವ ಈ ವಿಷಯಕ್ಕೇ ಕೊನೆಯದಾಗಿ ಬರಬೇಕು. ‘ದೇವರು ನೋಡಿಕೊಳ್ಳುತ್ತಾನೆ’ ಎಂಬ ಮಾತು ‘ಯಾರಿಗೂ ಹೇಳಬೇಡ, ಪ್ರಾರ್ಥನೆ ಮಾಡಿ ಸುಮ್ಮನಿರು’ ಎಂದು ಮಗುವಿನ ಕಿವಿಗೆ ಬೀಳಬಾರದು. ಮನೆಯಲ್ಲೋ ಶಾಲೆಯಲ್ಲೋ ಯಾರಾದರೂ ಹಿಂಸಿಸುತ್ತಿದ್ದರೆ ಮಗು ಬಾಯಿಬಿಡಬೇಕು. ಬೈಬಲಿನಲ್ಲಿ ದೇವರ ಕಾಪಾಡುವಿಕೆ ಎಷ್ಟೋ ಸಲ ಮನುಷ್ಯರ ಕೈಯಿಂದಲೇ ಬರುತ್ತದೆ. ಕೂಸು ಮೋಶೆ ಉಳಿದದ್ದು ಹೇಗೆ ನೋಡಿ: ಮೂರು ತಿಂಗಳು ಬಚ್ಚಿಟ್ಟು ಆಮೇಲೆ ಪೆಟ್ಟಿಗೆಗೆ ರಾಳ ಬಳಿದ ತಾಯಿ, ದೂರದಲ್ಲಿ ನಿಂತು ಕಾದ ಅಕ್ಕ, ನೀರಿನಿಂದ ಎತ್ತಿಸಿದ ಫರೋಹನ ಮಗಳು. ವಿಮೋಚನಕಾಂಡ 2ರ ಮೊದಲ ಹತ್ತು ವಚನಗಳಲ್ಲಿ ದೇವರು ಎಂಬ ಪದವೇ ಇಲ್ಲ. ‘ಇಲ್ಲಿ ದೇವರು ಎಲ್ಲಿದ್ದಾನೆ?’ ಎಂದು ಕೇಳಿ, ಮಕ್ಕಳು ಹುಡುಕಲಿ.

ಅಪೊಸ್ತಲರ ಕೃತ್ಯಗಳು 23ರಲ್ಲಿ ಇನ್ನೊಂದಿದೆ, ಮಕ್ಕಳಿಗೆ ಇದನ್ನು ಯಾರೂ ಹೇಳುವುದೇ ಇಲ್ಲವೇನೋ. ರೋಮನ್ ಸೈನಿಕರ ವಶದಲ್ಲಿದ್ದ ಅಪೊಸ್ತಲ ಪೌಲನನ್ನು ಕೊಲ್ಲುವ ತನಕ ಉಣ್ಣುವುದಿಲ್ಲ, ಕುಡಿಯುವುದಿಲ್ಲ ಎಂದು 40ಕ್ಕಿಂತ ಹೆಚ್ಚು ಜನ ಶಪಥ ಮಾಡಿದ್ದಾರೆ. ಪೌಲನ ಅಕ್ಕತಂಗಿಯ ಮಗನ ಕಿವಿಗೆ ಅದು ಬೀಳುತ್ತದೆ. ಹುಡುಗ ನೇರ ಸೋದರಮಾವನ ಬಳಿಗೆ ಓಡುತ್ತಾನೆ. ಪೌಲನು ‘ಪ್ರಾರ್ಥಿಸೋಣ’ ಎಂದು ಸುಮ್ಮನಾಗುವುದಿಲ್ಲ, ಹುಡುಗನನ್ನು ಆ ಸೈನಿಕರ ಮುಖ್ಯಸ್ಥ ಸಹಸ್ರಾಧಿಪತಿಯ ಬಳಿಗೆ ಕಳಿಸುತ್ತಾನೆ. ಅಂದು ರಾತ್ರಿ 200 ಸಿಪಾಯಿಗಳು, 200 ಭರ್ಜಿಯವರು, 70 ಕುದುರೆ ಸವಾರರು ಪೌಲನನ್ನು ಊರಾಚೆ ದಾಟಿಸುತ್ತಾರೆ. ಮಕ್ಕಳಿಗೆ ಕಥೆ ಹೇಳುವ ಪ್ರತಿಯೊಬ್ಬರೂ 19ನೇ ವಚನವನ್ನು ತಮಗಾಗಿ ಓದಿಕೊಳ್ಳಬೇಕು. ಅಷ್ಟು ದೊಡ್ಡ ಅಧಿಕಾರಿ ಆ ಹುಡುಗನ ಕೈ ಹಿಡಿದು, ಪಕ್ಕಕ್ಕೆ ಕರೆದುಕೊಂಡು ಹೋಗಿ, ನನಗೆ ಹೇಳಬೇಕಾದದ್ದು ಏನು ಎಂದು ಕೇಳಿದನು.

– ಭಾನುವಾರ ಶಾಲೆಯ ಶಿಕ್ಷಕಿಯರು