ಸಾಲಿಗೆ ಲಿನಕ್ಸ್ ಹಾಕ್ರಿ, ಆದ್ರ ಮೊದ್ಲ ಪ್ರೊಸೆಸರ್ ಯಾವ್ದು ನೋಡ್ರಿ

ಸಂಪಾದಕರಿಗೆ ನಮಸ್ಕಾರ,

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ನಿಂತ ಮ್ಯಾಲ ಎಲ್ಲಾರ ಬಾಯಾಗೂ ಒಂದೇ ಮಾತು, ಸಾಲಿ ಕಂಪ್ಯೂಟರಿಗೆ ಲಿನಕ್ಸ್ (ವಿಂಡೋಸ್ ಬದ್ಲಿ ಹಾಕೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಹಾಕಿಬಿಡ್ರಿ ಅಂತ. ಮಾತು ಖರೇ ಐತಿ, ಗಂಗಾವತಿಯಾಗ ರಿಪೇರಿ ಅಂಗಡಿ ಇಟ್ಕೊಂಡ ನಾನೂ ಬಂದೋರಿಗೆಲ್ಲ ಅದನ್ನ ಹೇಳ್ತೀನಿ. ಆದ್ರ ಕೇರಳ ಸರ್ಕಾರದಾಗ ಸಾಲಿ ಕಂಪ್ಯೂಟರ್ ಕೆಲಸ ನೋಡೋ ಕೈಟ್ ಸಂಸ್ಥೆಯವರು ಮಾಡಿದಂಗ ನಮ್ಮಲ್ಲೂ ಸಾಲಿಗೋಸ್ಕರ ಒಂದು ಲಿನಕ್ಸ್ ಡಿಸ್ಟ್ರೋ (ಬೇಕಾದ ಸಾಫ್ಟ್‌ವೇರ್ ಎಲ್ಲಾ ಕೂಡಿಸಿದ ತಯಾರಿ ಲಿನಕ್ಸ್) ಮಾಡಬೇಕು ಅಂತ ಯಾರರ ಹೊಂಟ್ರ, ವಾಲ್‌ಪೇಪರಿಗೆ ಹಂಪಿ ರಥ ಇಡೋದು ಆಮ್ಯಾಲ ನೋಡ್ಕೋಬೌದು, ಯಾವ ಯಾವ ಪ್ರೊಸೆಸರಿಗೆ ಕೊಡ್ತೀವಿ ಅನ್ನೋದು ಮೊದ್ಲ ತೀರ್ಮಾನ ಆಗ್ಬೇಕ್ರಿ.

32 ಬಿಟ್, ಅಂದ್ರ ಈಗಿನ 64 ಬಿಟ್‌ಗಿಂತ ಹಳೇ ಪೀಳಿಗಿ ಪ್ರೊಸೆಸರ್, ಬಿಟ್ಟುಬಿಡ್ರಿ ಅಂತ ನಾನೇ ಹೇಳ್ತೀನಿ. ಒಂದು ಆರ್ಕಿಟೆಕ್ಚರ್ (ಪ್ರೊಸೆಸರ್ ಜಾತಿ) ಇಟ್ಕೊಂಡ್ರ ಸಾವಿರಾರು ಸಾಫ್ಟ್‌ವೇರ್ ಪ್ಯಾಕೇಜ್ ಅದಕ್ಕಂತ ಬ್ಯಾರೆ ಬಿಲ್ಡ್ ಮಾಡಿ, ಟೆಸ್ಟ್ ಮಾಡಿ, ಸೆಕ್ಯೂರಿಟಿ ಅಪ್‌ಡೇಟ್ ಬಂದಾಗೆಲ್ಲ ಮತ್ತ ಅದನ್ನ ಮಾಡ್ಬೇಕು, ಅದಕ್ಕ ಮಂದಿ ಬೇಕು, ಮಷೀನ್ ಬೇಕು. ದೊಡ್ಡ ದೊಡ್ಡ ಡಿಸ್ಟ್ರೋಗಳಾಗ ಉಬುಂಟು 17.10ರಾಗ 32 ಬಿಟ್ ಡೆಸ್ಕ್‌ಟಾಪ್ ಐಎಸ್ಒ (ಇನ್‌ಸ್ಟಾಲ್ ಮಾಡೋ ಫೈಲ್) ನಿಲ್ಲಿಸ್ತು, ಫೆಡೋರಾ 2019ರಾಗ 32 ಬಿಟ್ ಕರ್ನಲ್ (ಲಿನಕ್ಸಿನ ತಿರುಳು) ತೆಗೀತು, ಎಲ್ಲಾದಕ್ಕೂ ತಾಳ್ಮಿ ಇದ್ದ ಡೆಬಿಯನ್ ಕೂಡ 2025ರ ಆಗಸ್ಟ್‌ನಾಗ ಬಂದ 13ನೇ ಆವೃತ್ತಿಯಿಂದ ಐ386ಕ್ಕ (32 ಬಿಟ್ ಪಿಸಿಗೆ) ಇನ್‌ಸ್ಟಾಲರೂ ಕೊಡಂಗಿಲ್ಲ, ಕರ್ನಲ್ಲೂ ಕೊಡಂಗಿಲ್ಲ. ಫೈರ್‌ಫಾಕ್ಸ್‌ನವರೂ 32 ಬಿಟ್ ಲಿನಕ್ಸಿಗೆ 144ನೇದ್ದೇ ಕಡೀದು ಅಂದ್ರು. ಬ್ರೌಸರ್ ಇಲ್ಲದ ಕಂಪ್ಯೂಟರ್ ಹುಡುಗರಿಗೆ ಕೊಟ್ಟು ಏನ್ ಮಾಡೋದ್ರಿ? ಹಳೇ ವಿಂಡೋಸ್ ಪ್ರೋಗ್ರಾಂ ಲಿನಕ್ಸ್ ಮ್ಯಾಲ ವೈನ್ ಅನ್ನೋ ಸಾಫ್ಟ್‌ವೇರ್ ಹಾಕಿ ಓಡಿಸೋರಿಗೆ ಒಂದಿಷ್ಟು 32 ಬಿಟ್ ಲೈಬ್ರರಿ ಇಟ್ರ ಸಾಕು, 2019ರಾಗ ಉಬುಂಟುನವರು ಪೂರಾ ತೆಗೀತೀವಿ ಅಂತ ಹೊಂಟು, ಗೇಮ್ ಆಡೋರ ಗಲಾಟಿಗೆ ಕಡೀಕ ಮಾಡಿದ್ದೂ ಅದ.

ಆದ್ರ ಇಲ್ಲೇ ಮಂದಿ ಎಡವತಾರ. 'ಇದು 32 ಬಿಟ್ ಮಷೀನ್' ಅಂತ ಗುಜರಿಗೆ ಹಾಕೋದ್ರಾಗ ಎಷ್ಟೋ 64 ಬಿಟ್ ಇರ್ತಾವ! 2 ಜಿಬಿ ರ‍್ಯಾಮ್ ಇತ್ತು ಅಂತ ಆಗಿನ ಕಾಲಕ್ಕ 32 ಬಿಟ್ ವಿಂಡೋಸ್ ಹಾಕಿರ್ತಾರ ಅಷ್ಟ, 2006ರ ಕೋರ್ 2 ಡ್ಯುಯೋ ಕೂಡ 64 ಬಿಟ್ಟೇ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಬೂಟ್ ಮಾಡಿ ಟರ್ಮಿನಲ್‌ನಾಗ ಎಲ್‌ಎಸ್‌ಸಿಪಿಯು (lscpu) ಅಂತ ಹೊಡದ್ರ ಎರಡು ನಿಮಿಷದಾಗ ಗೊತ್ತಾಗ್ತದ. ಖರೇನ 32 ಬಿಟ್ ಅಂದ್ರ ಆಟಮ್ ಎನ್270 ಇದ್ದ ಸಣ್ಣ ನೆಟ್‌ಬುಕ್, ಹಳೇ ಪೆಂಟಿಯಂ 4, ಇಂಥವು.

ನನಗ ನಿಜವಾದ ಭಯ ಇರೋದು ಬ್ಯಾರೇದ್ರ ಮ್ಯಾಲ. 64 ಬಿಟ್‌ನ್ಯಾಗೂ ಈಗ ಮೆಟ್ಲು ಮಾಡ್ಯಾರ, ವಿ1, ವಿ2, ವಿ3 ಅಂತ, ಮ್ಯಾಲಿನ ಮೆಟ್ಲಿಗೆ ಹೆಚ್ಚಿನ ಸೌಲಭ್ಯ ಇದ್ದ ಪ್ರೊಸೆಸರ್ ಬೇಕು. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸಿನ 2025ರ 10ನೇ ಆವೃತ್ತಿಗೆ ವಿ3 ಕಡ್ಡಾಯ ಮಾಡ್ತು, ಅಂದ್ರ ಪ್ರೊಸೆಸರ್‌ನಾಗ ಎವಿಎಕ್ಸ್2 ಅನ್ನೋ ಸೌಲಭ್ಯ ಇರ್ಬೇಕು, ಇಂಟೆಲ್‌ನಾಗ ಅದು ಬಂದಿದ್ದ 2013ರ ಹ್ಯಾಸ್ವೆಲ್‌ನಿಂದ. ಹಂಗಂತ 2013 ಆದ ಮ್ಯಾಲಿನ ಮಷೀನ್ ಎಲ್ಲಾ ನಡೀತಾವ ಅನ್ಕೋಬ್ಯಾಡ್ರಿ, 2018ರಾಗ ಬಂದ ಪೆಂಟಿಯಂ ಗೋಲ್ಡ್ ಜಿ5400ನ್ಯಾಗೂ ಎವಿಎಕ್ಸ್2 ಇಲ್ಲ! ಕಡಿಮಿ ರೇಟಿನ ಟೆಂಡರ್‌ನಾಗ ಬರೋದು ಇಂಥ ಸೆಲೆರಾನ್, ಪೆಂಟಿಯಂಗಳೇ. ಬೆಂಗಳೂರಾಗ ಹೊಸ ಲ್ಯಾಪ್‌ಟಾಪ್ ಇಟ್ಕೊಂಡು ಕುಂತೋರು ವಿ3 ಇದ್ರ ಸ್ವಲ್ಪ ಸ್ಪೀಡ್ ಆಗ್ತದ ಅಂತ ಆರಿಸಿಬಿಟ್ರ ಕುಷ್ಟಗಿ, ಸಿಂಧನೂರು, ಸಿರುಗುಪ್ಪದ ಸಾಲ್ಯಾಗ ಚಲೋ ಇರೋ ಮಷೀನೂ ಬೂಟ್ ಆಗಂಗಿಲ್ಲ. ಅಲ್ಮಾ ಲಿನಕ್ಸ್‌ನವರು ಇದಕ್ಕಂತನ ವಿ2ಗೆ ಬ್ಯಾರೆ ಬಿಲ್ಡ್ ಕೊಟ್ರು, ಆದ್ರ ಕೋರ್ 2 ಡ್ಯುಯೋ ವಿ2ಗೂ ಸಾಲಂಗಿಲ್ಲ. ಅದಕ್ಕ ಡೆಬಿಯನ್ ಮ್ಯಾಲ ಕಟ್ಟಿ ವಿ1 ಇಟ್ಕೊಳ್ಳೋದ ಚಲೋ.

ಆರ್ಮ್ (ಮೊಬೈಲ್‌ನಾಗ ಇರೋ ಜಾತಿ ಪ್ರೊಸೆಸರ್) ಇರೋ ಸಣ್ಣ ಕಂಪ್ಯೂಟರ್ ಬೋರ್ಡ್‌ಗಳಾಗ ರಾಸ್ಪ್‌ಬೆರಿ ಪೈ ಒಂದಕ್ಕ ಕೊಡ್ರಿ, ಉಳಿದವು ಬ್ಯಾಡ, ಪಿಸಿಗಾದ್ರ ಒಂದೇ ಐಎಸ್ಒ ನಡೀತದ, ಆರ್ಮ್‌ನಾಗ ಸಾಮಾನ್ಯವಾಗಿ ಬೋರ್ಡ್‌ಗೊಂದು ಇಮೇಜ್ ಮಾಡ್ಕೊಂತ ಕುಂದ್ರಬೇಕಾಗ್ತದ. ರಿಸ್ಕ್-ಫೈವ್ (ಯಾರು ಬೇಕಾದ್ರೂ ಪುಕ್ಕಟೆ ಬಳಸೋ ಪ್ರೊಸೆಸರ್ ವಿನ್ಯಾಸ) ಅಂದ್ರ ನನಗೂ ಅಭಿಮಾನ ಐತಿ, ಐಐಟಿ ಮದ್ರಾಸಿನ ಶಕ್ತಿ (ರಾಯಚೂರಿನ ಶಕ್ತಿನಗರ ಅಲ್ರಿ!), ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ವೇಗಾ, ಎರಡೂ ಪ್ರೊಸೆಸರ್ ಅದರವೇ, ಡೆಬಿಯನ್ 13 ಅದಕ್ಕ ಅಧಿಕೃತ ಜಾಗಾನೂ ಕೊಟ್ಟೈತಿ. ಆದ್ರ ಲ್ಯಾಬ್‌ನಾಗ ಆ ಮಷೀನ್ ಬರೂತನಕ ಕೊಡ್ತೀವಿ ಅಂತ ಮಾತು ಕೊಡೋದು ಬ್ಯಾಡ.

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲಾದ ಸಾಲಿ ಲ್ಯಾಬ್‌ಗಳಾಗ ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ಅಂತ ಒಂದು ಪಟ್ಟಿ ಮಾಡಿಸ್ರಿ, ಐಟಿಐ, ಡಿಪ್ಲೊಮಾ ಹುಡುಗರಿಗೆ ಹೇಳಿದ್ರ ಪೆನ್‌ಡ್ರೈವ್ ಹಿಡ್ಕೊಂಡು ಮಾಡಿಕೊಡ್ತಾರ. ಗುಜರಿ ಹರಾಜೂ ಹೊಸ ಟೆಂಡರೂ ಆ ಪಟ್ಟಿ ಆದ ಮ್ಯಾಲ ಆಗ್ಲಿ.

- ಕಂಪ್ಯೂಟರ್ ರಿಪೇರಿ ಮಾಡಾವ, ಗಂಗಾವತಿ, ಕೊಪ್ಪಳ ಜಿಲ್ಲಾ