ಸೆಕ್ಯುರಿಟಿ ಚೆಕ್ ದಾಟಿದ ಮೇಲೂ ಹಸಿವಾಗುತ್ತದೆ: ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರೇ,

ನಮಸ್ಕಾರ. ಇಷ್ಟು ವರ್ಷ ಸಹಿಸಿಕೊಂಡಿದ್ದೆ. ಕಳೆದ ತಿಂಗಳು ಅಮ್ಮನಿಗೆ ಆದದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಇದೆ. ಇನ್ಸುಲಿನ್ ತೆಗೆದುಕೊಂಡರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು. ದೆಹಲಿಯ ತಂಗಿ ಮನೆಗೆ ಹೊರಟಿದ್ದೆವು. ಬೆಳಿಗ್ಗೆ ವಿಮಾನ, ಹಾಗಾಗಿ ರಾತ್ರಿಯೇ ಊರು ಬಿಟ್ಟೆವು. ಬ್ಯಾಗ್ ಕೊಟ್ಟು, ತಪಾಸಣೆಯ ಸಾಲು ಮುಗಿಸಿ ಒಳಗೆ ಹೋದಾಗ ಬೋರ್ಡಿಂಗ್‌ಗೆ ಅರ್ಧ ಗಂಟೆ ಇತ್ತು. ನಾನು ಇಡ್ಲಿ ವಡೆ ಹೇಳಿದೆ, ಅಮ್ಮ ಇಂಜೆಕ್ಷನ್ ತೆಗೆದುಕೊಂಡರು. ಒಂದು ಪ್ಲೇಟ್‌ಗೆ ಮುನ್ನೂರರ ಹತ್ತಿರ. ಕೊಟ್ಟೆ. ಟೋಕನ್ ಬಂತು, ಇಡ್ಲಿ ಬರಲಿಲ್ಲ. ಕೇಳಿದಾಗಲೆಲ್ಲ "ಇನ್ನೈದು ನಿಮಿಷ ಸರ್." ಕೊನೆ ಕರೆಯೂ ಬಂತು. ದುಡ್ಡು ವಾಪಸ್ ಕೇಳಿದರೆ "ಬಿಲ್ ಆಗಿದೆ, ಆಗಲ್ಲ" ಅಂದರು. ಬಿಟ್ಟು ಓಡಿದೆವು. ಗೇಟ್ ಮುಟ್ಟುವಷ್ಟರಲ್ಲಿ ಅಮ್ಮ ಬೆವತು, ಕೈ ನಡುಗಿ ಕುಸಿದು ಕೂತರು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ತನ್ನ ಮಗುವಿನ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕೊಟ್ಟಳು. ಆಕೆ ಇಲ್ಲದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಮನೆಯಿಂದ ಬುತ್ತಿ ತರಬಹುದಲ್ಲ ಎನ್ನುವವರಿದ್ದಾರೆ. ತರುವವರು ತರಲಿ. ಆದರೆ ಎರಡು ಗಂಟೆ ಮೊದಲೇ ಬನ್ನಿ ಎಂದು ಕರೆದು, ಹೊರಗೆ ಹೋಗಲಾಗದ ಜಾಗದಲ್ಲಿ ಕೂರಿಸುವವರು ನಮ್ಮ ಹೊಟ್ಟೆಯ ಬಗ್ಗೆಯೂ ಯೋಚಿಸಬೇಕು ಅಲ್ವಾ?

ನಿಮಗೆ ಇದು ಹೊಸದಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ತೆರೆದದ್ದು ನಿಮ್ಮ ಇಲಾಖೆಯೇ. 10 ರೂಪಾಯಿಗೆ ಟೀ, 10ಕ್ಕೆ ನೀರು, 20ಕ್ಕೆ ಸಮೋಸ. ಮರುವರ್ಷ ಚೆನ್ನೈಗೂ ಬಂತು. ಅಲ್ಲಿ ಆಗುವುದು ಎಲ್ಲ ಕಡೆ ಯಾಕೆ ಆಗಬಾರದು? ಖಾಸಗಿಯವರು ನಡೆಸುವ ನಿಲ್ದಾಣ ಎಂಬ ಉತ್ತರ ಬೇಡ. ಅಲ್ಲಿ ನಾವು ಕಟ್ಟುವ ಬಳಕೆದಾರರ ಶುಲ್ಕವನ್ನು ನಿಗದಿ ಮಾಡಲು ಸರ್ಕಾರದ ಪ್ರಾಧಿಕಾರವೇ ಇದೆ. ಇಡ್ಲಿಯ ವಿಷಯ ಬಂದಾಗ ಮಾತ್ರ ಎಲ್ಲರೂ ಕೈ ತೊಳೆದುಕೊಳ್ಳುತ್ತೀರಿ. ಅಂಗಡಿಯವರು ನಿಲ್ದಾಣಕ್ಕೆ ಪಾಲು ಕೊಡಬೇಕು, ಆ ಹೊರೆ ಕೊನೆಗೆ ನಮ್ಮ ತಟ್ಟೆಯ ಮೇಲೆ ಬೀಳುತ್ತದೆ.

ಹವಾಯಿ ಚಪ್ಪಲಿ ಹಾಕುವವರೂ ವಿಮಾನ ಹತ್ತಬೇಕು ಅಂತ 2017ರಲ್ಲಿ ಸಣ್ಣ ಊರುಗಳಿಗೆ ಅಗ್ಗದ ವಿಮಾನ ಸೇವೆ ಕೊಡುವ ಉಡಾನ್ ಯೋಜನೆಯ ಹಾರಾಟ ಶುರುವಾದಾಗ ಪ್ರಧಾನಿಗಳೇ ಹೇಳಿದರು. ಹತ್ತಿದ್ದೇವೆ ಸ್ವಾಮಿ. ಈಗ ತಿನ್ನಲು ಏನಾದರೂ ಕೊಡಿ.

ನಾನು ಕೇಳುವುದು ಇಷ್ಟೇ. ಪ್ರತಿ ನಿಲ್ದಾಣದಲ್ಲಿ, ತಪಾಸಣೆ ದಾಟಿದ ಮೇಲೆ, ಗೇಟ್‌ಗಳ ಹತ್ತಿರ ಒಂದು ಅಗ್ಗದ ಕೌಂಟರ್ ಇರಲಿ. ಟೋಕನ್ ಹಿಡಿದು ಕಾಯುವುದು ಬೇಡ. ಇಡ್ಲಿ, ಉಪ್ಪಿಟ್ಟು, ಬಾಳೆಹಣ್ಣು, ಮಜ್ಜಿಗೆ ರೆಡಿ ಇರಲಿ, ಕೈಗೆ ಕೊಟ್ಟರೆ ಸಾಕು. ಬೆಲೆಯನ್ನು ದೊಡ್ಡದಾಗಿ ಬರೆದು ಹಾಕಲಿ. ತಿಂಡಿ ಸಿಗದೆ ಕರೆ ಬಂದರೆ ಹಣ ಅಲ್ಲೇ ವಾಪಸ್ ಕೊಡಲಿ. ಸಮಿತಿ, ಪರಿಶೀಲನೆ ಅಂತ ವರ್ಷ ಕಳೆಯಬೇಡಿ. ಖಾಸಗಿ ನಿಲ್ದಾಣಗಳಿಗೂ ಸೇರಿಸಿ ಆದೇಶ ಹೊರಡಿಸಿ. ಅಮ್ಮನ ಮರುಪ್ರಯಾಣ ಮುಂದಿನ ತಿಂಗಳಿದೆ. ಅಷ್ಟರೊಳಗೆ ಒಂದು ಕೌಂಟರ್ ತೆರೆಸಿ.

ಇಂತಿ,
ಒಬ್ಬ ಪ್ರಯಾಣಿಕ