ಡಿಸೈನ್ ಕೇಕ್ ದರ: ಆರ್ಡರ್ ಕೊಡುವ ಮುನ್ನ ಓದಿ

ಸದಸ್ಯರ ಗಮನಕ್ಕೆ. "ಬೇಕರಿಯಲ್ಲಿ ಕೆಜಿಗೆ ಇಷ್ಟೇ, ನಿಮ್ದ್ಯಾಕೆ ಇಷ್ಟೊಂದು?" ಅಂತ ಪದೇ ಪದೇ ಕೇಳ್ತಿದ್ದೀರಿ. ಮೈದಾ, ಸಕ್ಕರೆ, ಮೊಟ್ಟೆಯದು ಸಣ್ಣ ಪಾಲು. ದುಡ್ಡು ಹೋಗೋದು ಕೈಕೆಲಸಕ್ಕೆ.

ಕೇಕ್ ಮೇಲಿಡೋ ಒಂದು ಸಕ್ಕರೆ ಹಿಟ್ಟಿನ ಗುಲಾಬಿಯನ್ನೇ ತಗೊಳ್ಳಿ. ತಂತಿಗೆ ಮೊಗ್ಗು ಕೂರಿಸಿ ರಾತ್ರಿಯಿಡೀ ಒಣಗಿಸಬೇಕು. ಆಮೇಲೆ ಅಂಚು ತೆಳುವಾಗುವಂತೆ ಎಸಳು ಲಟ್ಟಿಸಿ, ಸುತ್ತು ಸುತ್ತಾಗಿ ಅಂಟಿಸಿ, ಪ್ರತಿ ಸುತ್ತೂ ಬಿಗಿಯಾಗುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಎಸಳು ಜೋತುಬೀಳುತ್ತೆ, ಮತ್ತೆ ಮೊದಲಿಂದ. ಅದಕ್ಕೇ ಹೂವಿನ ಕೇಕಿಗೆ ಕನಿಷ್ಠ 5 ದಿನ ಮುಂಚೆ ಹೇಳಿ. ನಾಳೆಗೆ ಅಂದ್ರೆ ಆಗಲ್ಲ.

ಎರಡಂತಸ್ತಿನದಾದರೆ ಕೆಳಗಿನ ಕೇಕಿನೊಳಗೆ ಕಡ್ಡಿ, ನಡುವೆ ಬೋರ್ಡ್ ಬೇಕೇ ಬೇಕು. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಕೆಳಗಿನದು ಕುಸಿಯುತ್ತೆ. "ಮೇಲಿಂದು ಥರ್ಮಾಕೋಲ್ ಡಮ್ಮಿ ಹಾಕಿ, ಅರ್ಧ ರೇಟ್ ಮಾಡಿ" ಅನ್ನೋರಿಗೆ: ಉಳಿತಾಯ ಆಗೋದು ಒಳಗಿನ ಕೇಕಿನ ಖರ್ಚು ಮಾತ್ರ, ಅಲಂಕಾರದ ಕೆಲಸ ಅಷ್ಟೇ ಇರುತ್ತೆ.

ಡೆಲಿವರಿ ಏಸಿ ಕಾರಲ್ಲೇ, ಬಾಡಿಗೆ ಬೇರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ಜಾಮ್‌ನಲ್ಲಿ ಬೈಕ್ ಮೇಲೆ ಕ್ರೀಮ್ ನಿಲ್ಲಲ್ಲ. ಫ್ರಿಜ್‌ನಿಂದ ತೆಗೆದ ಫಾಂಡಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟಿನ ಪದರ) ಬೆವರಿದರೆ ಒರೆಸಬೇಡಿ, ಕಲೆಯಾಗುತ್ತೆ. ಫ್ಯಾನ್ ಕೆಳಗಿಡಿ, ತಾನೇ ಆರುತ್ತೆ.

ಬಜೆಟ್ ಕಮ್ಮಿಯಿದ್ದರೆ ಕ್ರೀಮ್ ಕೇಕಿನ ಮೇಲೆ ಫೋಟೊ ಶೀಟ್ (ಫೋಟೊ ಮುದ್ರಿಸಿದ, ತಿನ್ನಬಹುದಾದ ಹಾಳೆ) ಹಾಕಿಸಿ, ಚೆನ್ನಾಗೇ ಕಾಣುತ್ತೆ. ಕೇಳುವಾಗ ತಾರೀಖು, ಎಷ್ಟು ಜನ, ಬಜೆಟ್, ಏರಿಯಾ ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಹಾಕಿ.